ಮೊದಲು ತೋಳು ಚಾಚಿದ ಫ್ಲೋರಾ ಸಸೂನ್

ಮುಂಬೈಯಲ್ಲಿ ನೆಂಟರಿರುವ ಗೆಳೆಯರಿಗೆ ಸಸೂನ್ ಅಂದರೆ ಕೊಲಾಬಾದ ಮೀನಿನ ಧಕ್ಕೆ. ಪುಣೆಯಲ್ಲಿ ಓದಿ ಬಂದವರಿಗೆ ಸಸೂನ್ ಅಂದರೆ ಸರಕಾರಿ ಆಸ್ಪತ್ರೆ. ಈ ಹೆಸರು ಎಲ್ಲಿಂದ ಬಂತು ಅಂತ ನಾವು ಕೇಳುವುದು ಕಡಿಮೆ. ಈ ಸಲದ ಸಂಚಿಕೆಗೆ ಆ ಮನೆತನದ ಒಬ್ಬ ಹೆಣ್ಣುಮಗಳ ಬದುಕನ್ನು ಆರಿಸಿಕೊಂಡಿದ್ದೇವೆ. ಅವರು ಫ್ಲೋರಾ ಸಸೂನ್. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಫರ್ಹಾ.

ಸಸೂನ್ ಮನೆತನದವರು ಬಾಗ್ದಾದಿನ ಯಹೂದಿಗಳು. ಅಲ್ಲಿನ ಆಡಳಿತಗಾರನ ಕಿರುಕುಳ ತಾಳಲಾರದೆ ಡೇವಿಡ್ ಸಸೂನ್ ಊರು ಬಿಟ್ಟು ಮೊದಲು ಬುಶೆಹರ್ ಬಂದರಿಗೆ, ಆಮೇಲೆ 1832ರಲ್ಲಿ ಮುಂಬೈಗೆ ಬಂದು ನೆಲೆಸಿದರು. ರುಸೈಲ್‌ನಿಂದ ಸೀಬ್ ಕಡೆಗೆ ಹೋದರೆ ಸಿಗುವ ಇದೇ ಒಮಾನ್ ಸಮುದ್ರವನ್ನು ದಾಟಿಯೇ ಆ ಕಾಲದ ಹಡಗುಗಳು ಬುಶೆಹರ್‌ನಿಂದ ಮುಂಬೈ ಸೇರಬೇಕಿತ್ತು. ಊರು ಬಿಟ್ಟು ಬಂದವರ ಮನೆತನವೇ ಮುಂದೆ ಮುಂಬೈಯ ದೊಡ್ಡ ವ್ಯಾಪಾರಿ ಮನೆತನಗಳಲ್ಲೊಂದಾಯಿತು. ಡೇವಿಡ್ ಅವರ ಮಗ ಆಲ್ಬರ್ಟ್ 1875ರಲ್ಲಿ ಕಟ್ಟಿಸಿದ್ದೇ ಸಸೂನ್ ಡಾಕ್.

ಆಲ್ಬರ್ಟ್ ಅವರ ಮಗಳು ಅಜೀಜಾ. ಅಜೀಜಾ ಮತ್ತು ಎಜೆಕಿಯಲ್ ಗಬ್ಬಾಯ್ ದಂಪತಿಯ ಮಗಳಾಗಿ ಫ್ಲೋರಾ 1859ರಲ್ಲಿ ಮುಂಬೈಯಲ್ಲಿ ಹುಟ್ಟಿದರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೇ ಅಪರೂಪವಾಗಿದ್ದ ಕಾಲ ಅದು. ಈ ಹುಡುಗಿ ಮಾತ್ರ ಹೀಬ್ರೂ, ಅರಮೇಯಿಕ್, ಹಿಂದೂಸ್ತಾನಿ, ಇಂಗ್ಲಿಷ್, ಫ್ರೆಂಚ್, ಜರ್ಮನ್ ಎಲ್ಲ ಕಲಿತಳು. ಧರ್ಮಗ್ರಂಥಗಳನ್ನು ಪಂಡಿತರ ಜೊತೆ ಕೂತು ಚರ್ಚಿಸುವಷ್ಟು ಓದಿದಳು. 1876ರಲ್ಲಿ ಸಾಲೊಮನ್ ಸಸೂನ್ ಜೊತೆ ಮದುವೆಯಾಯಿತು. ಸಾಲೊಮನ್ ಅಂದರೆ ಅಜ್ಜ ಆಲ್ಬರ್ಟ್ ಅವರ ಮಲತಮ್ಮ. ನಮ್ಮ ಕಡೆ ಸೋದರಮಾವನಿಗೇ ಹೆಣ್ಣು ಕೊಡುವುದುಂಟಲ್ಲ, ಇಲ್ಲಿ ಗಂಡ ತಾಯಿಗೇ ಚಿಕ್ಕಪ್ಪ! ಮೂವರು ಮಕ್ಕಳಾದರು.

1894ರಲ್ಲಿ ಸಾಲೊಮನ್ ತೀರಿಕೊಂಡರು. ಫ್ಲೋರಾಗೆ ಆಗ ಮೂವತ್ತೈದರ ಆಸುಪಾಸು. ವಿಧವೆ ಮೂಲೆ ಹಿಡಿಯಬೇಕು ಅನ್ನುವ ಕಾಲದಲ್ಲಿ ಅವರು ಪೇಢಿಯ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಚೀನಾದಿಂದ ಲಂಡನ್‌ವರೆಗೆ ಹಬ್ಬಿದ್ದ ವ್ಯಾಪಾರದ ಮುಂಬೈ ಕಚೇರಿಯನ್ನು 1901ರವರೆಗೆ ನಡೆಸಿದರು. ಮನೆತನದ ಗಂಡಸರಿಗೆಲ್ಲ ಇದು ರುಚಿಸಿತು ಅಂತೇನೂ ಇಲ್ಲ. ಆದರೂ ಲೆಕ್ಕಪತ್ರದಲ್ಲಿ ಅವರ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಈ ಮನೆತನದ ಸಂಪತ್ತು ಹತ್ತಿಯಿಂದಷ್ಟೇ ಬಂದದ್ದಲ್ಲ, ಚೀನಾಕ್ಕೆ ಸಾಗುತ್ತಿದ್ದ ಅಫೀಮಿನಿಂದಲೂ ಬಂತು. ಆಸ್ಪತ್ರೆ, ಶಾಲೆ, ಗ್ರಂಥಾಲಯ ಕಟ್ಟಿಸಿದ ಹಣದಲ್ಲಿ ಇನ್ಯಾರದೋ ಮನೆ ಹಾಳಾದ ಪಾಲೂ ಇದೆ. ದಾನದ ಕತೆ ಹೇಳುವಾಗ ದುಡ್ಡಿನ ಕತೆಯನ್ನೂ ಹೇಳಬೇಕು. ಅದಕ್ಕೇ ಫ್ಲೋರಾ ಕೊಟ್ಟ ದುಡ್ಡಿಗಿಂತ, ದುಡ್ಡಿನಿಂದ ಕೊಳ್ಳಲಾಗದ ಒಂದನ್ನು ಅವರು ಕೊಟ್ಟದ್ದು ನಮಗೆ ಮುಖ್ಯವಾಗಿ ಕಾಣುತ್ತದೆ.

ವಾಲ್ಡೆಮಾರ್ ಹಾಫ್‌ಕಿನ್ ಅಂತ ಒಬ್ಬ ವಿಜ್ಞಾನಿ. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಪ್ಯಾರಿಸ್‌ನಲ್ಲಿ ಕಾಲರಾ ಲಸಿಕೆ ತಯಾರಿಸಿ, 1892ರಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು, ಮರುವರ್ಷ ಭಾರತಕ್ಕೆ ಬಂದರು. ಲಸಿಕೆ ಇತ್ತು, ಹಾಕಿಸಿಕೊಳ್ಳುವವರು ಬೇಕಿತ್ತು. ಸೂಜಿಯಲ್ಲಿ ಏನಿದೆಯೋ, ಜಾತಿ ಕೆಡುತ್ತದೋ, ಜೀವವೇ ಹೋಗುತ್ತದೋ ಅನ್ನುವ ಹೆದರಿಕೆ ಜನರಲ್ಲಿತ್ತು. ಹೇಳುವವರು ಸರಕಾರದವರು ಅಂದಮೇಲೆ ಅನುಮಾನ ಇನ್ನೂ ಜಾಸ್ತಿ. ಆಗ ಫ್ಲೋರಾ ಹಾಫ್‌ಕಿನ್ ಬೆನ್ನಿಗೆ ನಿಂತರು. ಎಲ್ಲರಿಗೂ ಗೊತ್ತಾಗುವಂತೆ ತಾವೇ ಚುಚ್ಚುಮದ್ದು ಹಾಕಿಸಿಕೊಂಡರು. ಆಮೇಲೆ ಹಿಂದೂ ಮುಸ್ಲಿಂ ಅನ್ನದೆ ಜನರ ಮನವೊಲಿಸಲು ಹೊರಟರು. ಮುಂಬೈಯ ಅಷ್ಟು ಶ್ರೀಮಂತ ಮನೆಯ ಹೆಂಗಸು ಮೊದಲು ತನ್ನ ತೋಳು ಚಾಚಿದ್ದು ಜನರಿಗೆ ಧೈರ್ಯ ಕೊಟ್ಟಿತು.

ಇದರ ಬೆಲೆ ಗೊತ್ತಾಗಬೇಕಾದರೆ ನಮ್ಮೂರಿನ ಕಡೆ ನೋಡಬೇಕು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಹಾಫ್‌ಕಿನ್ ಅಲ್ಲೇ ಪ್ಲೇಗ್ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮತ್ತೆ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಆಗ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು. ರೋಗ ಹುಬ್ಬಳ್ಳಿಗೆ ಬಂತು, ಅಲ್ಲಿಂದ ರೈಲು ಹತ್ತಿ 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಮನೆ ಮನೆ ಹೊಕ್ಕು ರೋಗಿಗಳನ್ನು ಹುಡುಕುವ ಅಧಿಕಾರಿಗಳ ಮೇಲೆ ಜನರಿಗೆ ಎಷ್ಟು ಸಿಟ್ಟಿತ್ತೆಂದರೆ, ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡೇ ಹಾರಿತು. ನಮ್ಮ ಕಡೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು, ಪ್ಲೇಗ್ ಮಾರಮ್ಮನಿಗೆ ಹರಕೆ ಹೊತ್ತರು. ಅಂಥ ಹೊತ್ತಿನಲ್ಲೂ ಹುಬ್ಬಳ್ಳಿಯ ಸಾವಿರಾರು ಜನ ಲಸಿಕೆ ಹಾಕಿಸಿಕೊಂಡರು. ಲಸಿಕೆ ಪರಿಣಾಮಕಾರಿ ಅಂತ ತೋರಿಸಲು ಆಮೇಲೆ ಹುಬ್ಬಳ್ಳಿಯ ಲೆಕ್ಕವನ್ನೇ ಮುಂದಿಟ್ಟರು. ಹುಬ್ಬಳ್ಳಿಗೆ ಫ್ಲೋರಾ ಬಂದಿರಲಿ ಅಂತ ನಾವು ಹೇಳುತ್ತಿಲ್ಲ. ಸೂಜಿಯ ಮೇಲೆ ನಂಬಿಕೆ ಹುಟ್ಟಿಸುವ ಕೆಲಸ ಎಲ್ಲೋ ಒಂದು ಕಡೆ, ಯಾರೋ ಒಬ್ಬರಿಂದ ಶುರುವಾಗಬೇಕಿತ್ತು. ಶುರು ಮಾಡಿದವರಲ್ಲಿ ಈಕೆಯೂ ಒಬ್ಬರು.

1901ರಲ್ಲಿ ಫ್ಲೋರಾ ಮಕ್ಕಳೊಂದಿಗೆ ಲಂಡನ್‌ಗೆ ಹೋದರು. ಪರದೇಶಕ್ಕೆ ಹೋದರೂ ನಡೆನುಡಿ ಬಿಡಲಿಲ್ಲ. ಸಬ್ಬತ್ ಆಚರಣೆ, ಊಟದ ಕಟ್ಟುಪಾಡು ಎಲ್ಲ ಹಾಗೇ ಉಳಿಯಿತು. ಪ್ರಯಾಣ ಹೊರಟರೆ ನೇಮದ ಪ್ರಕಾರ ಪ್ರಾರ್ಥನೆ ನಡೆಯಲು ಬೇಕಾದ ಹತ್ತು ಗಂಡಸರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. ದಾನ ಕೊಡುವುದರಲ್ಲೂ ಓದುವುದರಲ್ಲೂ ಒಂದೇ ಶ್ರದ್ಧೆ. 1924ರಲ್ಲಿ ಲಂಡನ್ನಿನ ಜ್ಯೂಸ್ ಕಾಲೇಜಿನ ವಾರ್ಷಿಕ ಸಮಾರಂಭದಲ್ಲಿ ಅಧ್ಯಕ್ಷ ಭಾಷಣ ಮಾಡಿದರು. ಯಹೂದಿ ಧರ್ಮಗುರುಗಳನ್ನು ತಯಾರು ಮಾಡುವ ಆ ಕಾಲೇಜಿನಲ್ಲಿ ಒಬ್ಬ ಹೆಂಗಸಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಮಗ ಡೇವಿಡ್ ಹೀಬ್ರೂ ಹಸ್ತಪ್ರತಿಗಳ ದೊಡ್ಡ ಸಂಗ್ರಹಕಾರರಾದರು. 1936ರ ಜನವರಿಯಲ್ಲಿ ಫ್ಲೋರಾ ಲಂಡನ್ನಿನಲ್ಲಿ ತೀರಿಕೊಂಡರು.

ಮುಂಬೈಯ ಪರೇಲ್‌ನಲ್ಲಿ ಹಾಫ್‌ಕಿನ್ ಹೆಸರಿನ ಸಂಸ್ಥೆ ಇವತ್ತಿಗೂ ಇದೆ. ಫ್ಲೋರಾ ಫೌಂಟನ್ ಮಾತ್ರ ನಮ್ಮ ಫ್ಲೋರಾ ಅವರ ಹೆಸರಿನದಲ್ಲ, ಅದು ರೋಮನ್ನರ ಹೂದೇವತೆಯದು!

ಕೋವಿಡ್ ಕಾಲದಲ್ಲಿ ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಲಸಿಕೆ ಬೇಡ ಅಂತ ಹಟ ಹಿಡಿದದ್ದು ನಮಗೆ ನೆನಪಿದೆ. ಅವರನ್ನು ಒಪ್ಪಿಸಿದ್ದು ಟಿವಿಯ ಜಾಹೀರಾತಲ್ಲ. ಮೊದಲು ಹಾಕಿಸಿಕೊಂಡು ಬಂದು, ನೋಡು, ನನಗೇನೂ ಆಗಿಲ್ಲ ಅಂತ ತೋಳು ತೋರಿಸಿದ ಪಕ್ಕದ ಮನೆಯವರು. ಸಂಘದಲ್ಲಿ ಪದಾಧಿಕಾರಿಗಳಾಗುವ ನಾವೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೇದು. ಚಂದಾ ಎತ್ತಬಹುದು, ವೇದಿಕೆ ಹತ್ತಬಹುದು. ಬೇರೆಯವರಿಗೆ ಹೆದರಿಕೆಯಾಗುವ ಕೆಲಸಕ್ಕೆ ಮೊದಲು ನಾವೇ ಮುಂದಾದರೆ ಹಿಂದೆ ನಾಲ್ಕು ಜನ ಬಂದೇ ಬರುತ್ತಾರೆ.