ಸರ್ ಎಂ. ವಿಶ್ವೇಶ್ವರಯ್ಯನವರೂ ಭದ್ರಾವತಿಯ ಸೌದೆ ಭಟ್ಟಿಯೂ

ಮುದ್ದೇನಹಳ್ಳಿಯಲ್ಲಿ ಜನಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮುಗಿಸಿ, ಮುಂಬಯಿ ಪ್ರಾಂತದ ಸೇವೆಯಲ್ಲಿ ಕೀರ್ತಿ ಗಳಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆಯ ಕಥೆ ಎಲ್ಲರೂ ಬಲ್ಲದ್ದೇ. ಶಿವಮೊಗ್ಗ ಸೀಮೆಯವರಿಗೆ ಅವರು ಹತ್ತಿರದವರಾದದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ.

ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಭದ್ರೆಯಲ್ಲಿ ನೀರಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಆದಕಾರಣ ಮಲೆನಾಡಿನ ಸೌದೆಯನ್ನೇ ಇದ್ದಿಲಾಗಿಸಿ ಊದುಕುಲುಮೆಗೆ ಹಾಕಬೇಕಾಯಿತು. ಬಯಲಿನಲ್ಲಿ ಸುಟ್ಟರೆ ಇದ್ದಿಲಷ್ಟೇ ಉಳಿದು ಹೊಗೆಯೆಲ್ಲ ವ್ಯರ್ಥ. ಗಾಳಿಯಾಡದ ಕಬ್ಬಿಣದ ಪಾತ್ರೆಗಳಲ್ಲಿ ಸೌದೆಯನ್ನು ಕಾಯಿಸಿ, ಹೊರಟ ಆವಿಯನ್ನು ತಣಿಸಿದರೆ ಮರದ ಮದ್ಯಸಾರ, ಅಸಿಟಿಕ್ ಆಮ್ಲ, ಟಾರು ಇವೆಲ್ಲ ನೀರಿನೊಡನೆ ಬೆರೆತು ಇಳಿಯುತ್ತವೆ. ಇವುಗಳನ್ನು ಬೇರ್ಪಡಿಸಿ ಮಾರಿದರೆ ಕಬ್ಬಿಣದ ಖರ್ಚು ಅಷ್ಟರಮಟ್ಟಿಗೆ ತಗ್ಗುವುದೆಂಬುದೇ ಸೌದೆ ಭಟ್ಟಿಯ ಹಿಂದಿದ್ದ ಲೆಕ್ಕ.

ಬೇರ್ಪಡಿಸುವುದು ಸುಲಭದ ಕೆಲಸವಲ್ಲ. ಸಮುದ್ರಮಟ್ಟದಲ್ಲಿ ಮರದ ಮದ್ಯಸಾರ ಸುಮಾರು 65 ಡಿಗ್ರಿ ಸೆಂಟಿಗ್ರೇಡಿನಲ್ಲಿ, ನೀರು 100ರಲ್ಲಿ, ಅಸಿಟಿಕ್ ಆಮ್ಲ 118ರಲ್ಲಿ ಕುದಿಯುತ್ತವೆ. ಒತ್ತಡ ಇಳಿದರೆ ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಸುಮಾರು 600 ಮೀಟರು ಎತ್ತರದ ಭದ್ರಾವತಿಯಲ್ಲಿ ನೀರು 98ರ ಆಸುಪಾಸಿನಲ್ಲೇ ಕುದಿಯುವುದು ಇದರಿಂದಲೇ. ಪಂಪಿನಿಂದ ಪಾತ್ರೆಯೊಳಗಿನ ಒತ್ತಡವನ್ನು ಇನ್ನಷ್ಟು ತಗ್ಗಿಸಿದರೆ, ಹೆಚ್ಚು ಕಾವಿಗೆ ಸೀದು ಕೆಡುವ ಟಾರಿನ ಭಾರವಾದ ಅಂಶಗಳೂ ಕೆಡದೆ ಆವಿಯಾಗಿ ಬರುತ್ತವೆ. ಮದ್ಯಸಾರವೂ ನೀರಿನಿಂದ ಇನ್ನಷ್ಟು ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಆದರೆ ಈ ಲಾಭ ಬಿಟ್ಟಿಯಲ್ಲ. ತೆಳುವಾದ ಆವಿ ಹೆಚ್ಚು ಜಾಗ ಬೇಡುವುದರಿಂದ ಗೋಪುರ ಅಗಲವಾಗಬೇಕು. ಕಡಿಮೆ ಕಾವಿನ ಆವಿಯನ್ನು ತಣಿಸಲು ನೀರೂ ಹೆಚ್ಚು ತಂಪಾಗಿರಬೇಕು. ನೀರಿಗೂ ಆಮ್ಲಕ್ಕೂ ನಂಟು ಬಿಡಿಸುವುದಂತೂ ಬರಿಯ ಭಟ್ಟಿಯಿಂದ ಬಲು ಕಷ್ಟ. ಸುಣ್ಣ ಬೆರೆಸಿ, ಆಮ್ಲವನ್ನು ಆವಿಯಾಗದ ಅಸಿಟೇಟಾಗಿ ಹಿಡಿದಿಡುವುದು ಆ ಕಾಲದ ಕ್ರಮವಾಗಿತ್ತು.

1923ರ ಜನವರಿಯಲ್ಲಿ ಕಬ್ಬಿಣ ಹರಿಯತೊಡಗಿದಾಗ ಯುದ್ಧಕಾಲದ ಬೆಲೆ ಕುಸಿದಿತ್ತು. ನಷ್ಟ ಬೆಳೆಯಿತು, ಟೀಕೆಯೂ ಬೆಳೆಯಿತು. ಬಡ ಸಂಸ್ಥಾನಕ್ಕೆ ಇದೆಂಥ ಹೊರೆಯೆಂಬ ಪ್ರಶ್ನೆ ಅನ್ಯಾಯದ್ದೇನೂ ಆಗಿರಲಿಲ್ಲ. ದಿವಾನಗಿರಿ ಬಿಟ್ಟು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು. 1929ರವರೆಗೆ ಖರ್ಚಿನ ಪ್ರತಿಯೊಂದು ಬಾಬನ್ನೂ ಪರಿಶೀಲಿಸಿ ಅದನ್ನು ನೆಲೆಗೆ ತಂದರು.

ಈ ದುಡಿಮೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ತೆಗೆದುಕೊಳ್ಳಲಿಲ್ಲ. ಯುವಕರಿಗೆ ಕಸಬು ಕಲಿಸುವ ಸಂಸ್ಥೆಯೊಂದಕ್ಕೆ ಅದನ್ನು ವಿನಿಯೋಗಿಸಬೇಕೆಂದು ಕೋರಿದರು. ಬೆಂಗಳೂರಿನಲ್ಲಿ ಅದು ಸ್ಥಾಪನೆಯಾಯಿತು. ಅದಕ್ಕೆ ಇಟ್ಟದ್ದು ಅವರ ಹೆಸರಲ್ಲ, ಜಯಚಾಮರಾಜೇಂದ್ರ ಒಡೆಯರ ಹೆಸರು. ಭದ್ರಾವತಿಯ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರು ಬಂದದ್ದು 1962ರಲ್ಲಿ ಅವರು ಕಾಲವಾದ ಅನಂತರವೇ.