ರಟ್ಟು ಹಾಕುವ ಹುಡುಗ: ಮೈಕೆಲ್ ಫ್ಯಾರಡೆ

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮಾರನೆಯ ದಿನ ಹೆಚ್ಚು ಅಂಕ ಪಡೆದ ಮಕ್ಕಳ ಭಾವಚಿತ್ರಗಳನ್ನು ಪತ್ರಿಕೆಗಳಲ್ಲಿ ನೀವು ನೋಡುತ್ತೀರಿ. ಅವರ ತಂದೆತಾಯಂದಿರು ಸಿಹಿ ತಿನ್ನಿಸುತ್ತಿರುವ ಚಿತ್ರವೂ ಇರುತ್ತದೆ. ನಪಾಸಾದವರ ಚಿತ್ರ ಎಲ್ಲಿಯೂ ಬರುವುದಿಲ್ಲ. ಅವರು ಮನೆಯ ಯಾವುದೋ ಮೂಲೆಯಲ್ಲಿ ಕುಳಿತು, ಅಪ್ಪ ಯಾವಾಗ ಬಯ್ಯುತ್ತಾರೋ ಎಂದು ಕಾಯುತ್ತಿರುತ್ತಾರೆ. ಇನ್ನು ಎಂಟನೆಯ, ಒಂಬತ್ತನೆಯ ತರಗತಿಯಲ್ಲೇ ಶಾಲೆ ಬಿಟ್ಟವರ ಸುದ್ದಿಯನ್ನಂತೂ ಯಾರೂ ಕೇಳುವುದಿಲ್ಲ. ವಿದ್ಯಾರ್ಥಿ ಮಿತ್ರರೇ, ಈ ಲೇಖನ ಮುಖ್ಯವಾಗಿ ಅವರಿಗಾಗಿ ಮತ್ತು ಅವರ ಹೆತ್ತವರಿಗಾಗಿ. ನಿಮ್ಮ ವಿಜ್ಞಾನದ ಪಠ್ಯಪುಸ್ತಕದಲ್ಲಿ ಹೆಸರು ಓದಿರುವ ಒಬ್ಬ ವ್ಯಕ್ತಿಯ ಜೀವನವನ್ನು ಇಲ್ಲಿ ಹೇಳುತ್ತೇನೆ. ಅವರ ನಿಯಮಗಳನ್ನು ನೀವು ಬಾಯಿಪಾಠ ಮಾಡಿರಬಹುದು. ಆದರೆ ಅವರು ಹದಿನಾಲ್ಕನೆಯ ವಯಸ್ಸಿನಲ್ಲಿ ಏನು ಮಾಡುತ್ತಿದ್ದರು ಎಂಬುದು ಪಠ್ಯಪುಸ್ತಕದಲ್ಲಿ ಇರುವುದಿಲ್ಲ.

ಮೈಕೆಲ್ ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಲಂಡನ್ ನಗರದ ಹೊರವಲಯದ ನ್ಯೂಯಿಂಗ್‌ಟನ್ ಬಟ್ಸ್ ಎಂಬಲ್ಲಿ ಹುಟ್ಟಿದರು. ತಂದೆ ಜೇಮ್ಸ್ ಕಮ್ಮಾರ. ಕೆಲಸ ಹುಡುಕಿಕೊಂಡು ಉತ್ತರ ಇಂಗ್ಲೆಂಡಿನಿಂದ ರಾಜಧಾನಿಗೆ ವಲಸೆ ಬಂದ ಕುಟುಂಬ ಅದು. ತಂದೆಗೆ ಆರೋಗ್ಯವಿರಲಿಲ್ಲ, ವಾರದಲ್ಲಿ ಎಷ್ಟೋ ದಿನ ಕುಲುಮೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಬಾಲಕ ಮೈಕೆಲ್ ಪಾಲಿಗೆ ವಾರಕ್ಕೆ ಒಂದು ರೊಟ್ಟಿ ಸಿಗುತ್ತಿತ್ತೆಂದೂ ಅದರಲ್ಲೇ ಏಳು ದಿನ ಕಳೆಯಬೇಕಿತ್ತೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ.

ಶಾಲೆಯ ಅನುಭವವೂ ಕಹಿಯೇ. ಹುಡುಗನಿಗೆ ರಕಾರ ಹೊರಳುತ್ತಿರಲಿಲ್ಲ. ಅಣ್ಣ ರಾಬರ್ಟ್‌ನ ಹೆಸರನ್ನೂ ಸರಿಯಾಗಿ ಕರೆಯಲು ಬರುತ್ತಿರಲಿಲ್ಲ. ಇದನ್ನು ಸಹಿಸದ ಶಿಕ್ಷಕಿ ಒಂದು ದಿನ ರಾಬರ್ಟ್‌ನ ಕೈಗೇ ಅರ್ಧ ಪೆನ್ನಿ ಕೊಟ್ಟು, ತಮ್ಮನಿಗೆ ಹೊಡೆಯಲು ಬೆತ್ತ ತರುವಂತೆ ಕಳುಹಿಸಿದರಂತೆ. ಅಣ್ಣ ಆ ಕಾಸನ್ನು ಗೋಡೆಯಾಚೆ ಎಸೆದು ನೇರವಾಗಿ ಮನೆಗೆ ಹೋಗಿ ತಾಯಿಗೆ ತಿಳಿಸಿದ. ತಾಯಿ ಇಬ್ಬರನ್ನೂ ಆ ಶಾಲೆ ಬಿಡಿಸಿದರು. ಒಟ್ಟಿನಲ್ಲಿ ಮೈಕೆಲ್ ಶಾಲೆಯಲ್ಲಿ ಕಲಿತದ್ದು ಓದು, ಬರಹ ಮತ್ತು ಒಂದಿಷ್ಟು ಲೆಕ್ಕ. ಅಷ್ಟೇ.

ಹದಿಮೂರನೆಯ ವಯಸ್ಸಿನಲ್ಲಿ, 1804ರಲ್ಲಿ, ಆತ ಲಂಡನ್ನಿನ ಬ್ಲಾಂಡ್‌ಫರ್ಡ್ ಬೀದಿಯಲ್ಲಿದ್ದ ಜಾರ್ಜ್ ರೀಬೋ ಎಂಬವರ ಪುಸ್ತಕದಂಗಡಿಯಲ್ಲಿ ಓಡಾಡುವ ಕೆಲಸಕ್ಕೆ ಸೇರಿದ. ಆ ಕಾಲದಲ್ಲಿ ವೃತ್ತಪತ್ರಿಕೆಗೆ ಬೆಲೆ ಹೆಚ್ಚು. ಒಂದೇ ಪ್ರತಿಯನ್ನು ಹಲವು ಮನೆಗಳಿಗೆ ಸರದಿಯ ಮೇಲೆ ಬಾಡಿಗೆಗೆ ಕೊಡುತ್ತಿದ್ದರು. ಅದನ್ನು ಮನೆಮನೆಗೆ ಮುಟ್ಟಿಸುವುದು ಮತ್ತು ಓದಿದ ಮೇಲೆ ವಾಪಸು ತರುವುದು ಹುಡುಗನ ಕೆಲಸ. ಒಂದು ವರ್ಷ ಅವನನ್ನು ನೋಡಿದ ರೀಬೋ 1805ರ ಅಕ್ಟೋಬರ್ 7ರಂದು ಏಳು ವರ್ಷದ ಕರಾರಿನ ಮೇಲೆ ಪುಸ್ತಕ ಬೈಂಡಿಂಗ್ ಕಲಿಯಲು ಇಟ್ಟುಕೊಂಡರು. ಇಲ್ಲಿ ಒಂದು ವಿಷಯವನ್ನು ನೀವು ಗಮನಿಸಬೇಕು. ಕಸುಬು ಕಲಿಯಲು ಸೇರುವ ಹುಡುಗನ ತಂದೆ ಯಜಮಾನನಿಗೆ ಹಣ ಕೊಡುವುದು ಅಲ್ಲಿಯ ವಾಡಿಕೆಯಾಗಿತ್ತು. ಈ ಹುಡುಗನ ಪ್ರಾಮಾಣಿಕ ಸೇವೆಯನ್ನು ಕಂಡು ರೀಬೋ ಹಣ ಕೇಳಲಿಲ್ಲ. ಕೇಳಿದ್ದರೆ ಆ ಕಮ್ಮಾರನ ಕೈಯಿಂದ ಕೊಡಲಾಗುತ್ತಿರಲಿಲ್ಲ. ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಫ್ಯಾರಡೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹಂಫ್ರಿ ಡೇವಿಗೆ ಎಲ್ಲ ಶ್ರೇಯಸ್ಸನ್ನೂ ಕೊಡುತ್ತಾರೆ. ನನ್ನ ಮಟ್ಟಿಗೆ ಮೊದಲ ಶ್ರೇಯಸ್ಸು ಈ ಅಂಗಡಿಯವರದು.

ರಟ್ಟು ಹಾಕುವ ಕೆಲಸವೆಂದರೆ ಹಾಳೆಗಳನ್ನು ಮಡಿಸಿ, ಜೋಡಿಸಿ, ದಾರದಲ್ಲಿ ಹೊಲಿದು, ಅಂಟು ಹಚ್ಚಿ, ಒತ್ತಿ, ಚರ್ಮದ ಹೊದಿಕೆ ಕೂರಿಸುವುದು. ಎಲ್ಲಿಯೂ ಒಂದು ಎಳೆ ಆಚೀಚೆ ಆಗುವಂತಿಲ್ಲ. ಏಳು ವರ್ಷ ಈ ಕೆಲಸ ಮಾಡಿದ ಹುಡುಗನ ಕೈ ಎಷ್ಟು ಹದಕ್ಕೆ ಬಂದಿರಬೇಕು, ಯೋಚಿಸಿ. ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಓದಲು ರೀಬೋ ಅಡ್ಡಿ ಮಾಡಲಿಲ್ಲ. ಎನ್‌ಸೈಕ್ಲೊಪೀಡಿಯ ಬ್ರಿಟಾನಿಕದ ಸಂಪುಟವೊಂದು ಬಂದಾಗ ಅದರಲ್ಲಿದ್ದ ವಿದ್ಯುತ್ತಿನ ಲೇಖನವನ್ನು ಹುಡುಗ ಓದಿದ. ಜೇನ್ ಮಾರ್ಸೆಟ್ ಎಂಬ ಮಹಿಳೆ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕ ಅವನಿಗೆ ನಿಜವಾದ ಗುರುವಾಯಿತು. ಓದಿದ್ದನ್ನು ಹಾಗೆಯೇ ನಂಬದೆ, ಕೈಲಿದ್ದ ಕಾಸಿನಲ್ಲಿ ಆಗುವಷ್ಟು ಪ್ರಯೋಗ ಮಾಡಿ ಪರೀಕ್ಷಿಸಿದ. ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಮಾಸ್ಕರಿಯೆ ಎಂಬ ಚಿತ್ರಕಾರನ ಬೂಟು ಒರೆಸಿಕೊಟ್ಟು, ಅದಕ್ಕೆ ಪ್ರತಿಯಾಗಿ ಅವನಿಂದ ಚಿತ್ರ ಬರೆಯುವುದನ್ನು ಕಲಿತ. ಮುಂದೆ ತನ್ನ ಉಪಕರಣಗಳ ಚಿತ್ರಗಳನ್ನು ತಾನೇ ಬರೆದುಕೊಳ್ಳಲು ಇದು ನೆರವಾಯಿತು.

1810ರಲ್ಲಿ ಜಾನ್ ಟೇಟಮ್ ಎಂಬವರು ತಮ್ಮ ಮನೆಯಲ್ಲಿ ಸಂಜೆಯ ಹೊತ್ತು ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದರು. ಪ್ರವೇಶ ಶುಲ್ಕ ಒಂದು ಶಿಲ್ಲಿಂಗ್. ಕಲಿಕೆಯ ಹುಡುಗನ ಬಳಿ ಅಷ್ಟು ಹಣ ಎಲ್ಲಿಂದ ಬರಬೇಕು? ತಂದೆಯ ಕಸುಬನ್ನೇ ಹಿಡಿದಿದ್ದ ಅಣ್ಣ ರಾಬರ್ಟ್ ತನ್ನ ಸಂಪಾದನೆಯಿಂದ ಕೊಟ್ಟ. ಅದೇ ವರ್ಷ ತಂದೆ ತೀರಿಕೊಂಡಿದ್ದರು ಎಂಬುದನ್ನು ನೆನಪಿಡಿ. ಮನೆಗೆ ಆ ಶಿಲ್ಲಿಂಗ್ ಸಣ್ಣದಾಗಿರಲಿಲ್ಲ. ಮೈಕೆಲ್ ಪ್ರತಿ ಉಪನ್ಯಾಸವನ್ನೂ ಬರೆದುಕೊಂಡು, ಚಿತ್ರಗಳನ್ನು ಸೇರಿಸಿ, ತಾನೇ ಬೈಂಡ್ ಮಾಡಿದ. ಟೇಟಮ್ ಅವರ ಕೂಟದಲ್ಲಿ ಅವನಂತೆಯೇ ಕಲಿಯುವ ಹಂಬಲವಿದ್ದ ಗೆಳೆಯರು ಸಿಕ್ಕರು. ಬೆಂಜಮಿನ್ ಅಬಾಟ್ ಎಂಬ ಗೆಳೆಯನಿಗೆ ವರ್ಷಗಟ್ಟಲೆ ಉದ್ದುದ್ದ ಪತ್ರಗಳನ್ನು ಬರೆದ. ಇದು ಬರಿಯ ಸ್ನೇಹಕ್ಕಲ್ಲ, ತನ್ನ ಬರವಣಿಗೆ ಸುಧಾರಿಸಲಿ ಎಂಬ ಉದ್ದೇಶದಿಂದ. ಎಡ್ವರ್ಡ್ ಮ್ಯಾಗ್ರತ್ ಎಂಬ ಇನ್ನೊಬ್ಬ ಗೆಳೆಯ ಅವನ ಉಚ್ಚಾರಣೆ, ವ್ಯಾಕರಣ ತಿದ್ದುತ್ತಿದ್ದ. 1812ರ ಒಂದು ಪತ್ರದಲ್ಲಿ ಆತ ತನ್ನ ಮೊದಲ ಬ್ಯಾಟರಿಯನ್ನು ವರ್ಣಿಸುತ್ತಾನೆ. ಅರ್ಧ ಪೆನ್ನಿಯ ಗಾತ್ರಕ್ಕೆ ಕತ್ತರಿಸಿದ ಸತುವಿನ ಏಳು ಬಿಲ್ಲೆಗಳು, ತಾಮ್ರದ ಏಳು ಅರ್ಧ ಪೆನ್ನಿ ನಾಣ್ಯಗಳು, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಕಾಗದ. ಖರ್ಚು ಎಷ್ಟೆಂದು ನೀವೇ ಲೆಕ್ಕ ಹಾಕಿ.

ಅದೇ ವರ್ಷ ಅಂಗಡಿಯ ಗಿರಾಕಿ ವಿಲಿಯಂ ಡ್ಯಾನ್ಸ್ ಎಂಬ ಸಂಗೀತಗಾರರು ಹುಡುಗನ ಆಸಕ್ತಿಯನ್ನು ಕಂಡು, ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿ ಕೊಡಲಿದ್ದ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಡೇವಿ ಆಗ ಇಂಗ್ಲೆಂಡಿನ ಅತ್ಯಂತ ಹೆಸರುವಾಸಿ ರಸಾಯನಶಾಸ್ತ್ರಜ್ಞ. ಮೈಕೆಲ್ ಗ್ಯಾಲರಿಯಲ್ಲಿ ಕುಳಿತು ಎಲ್ಲವನ್ನೂ ಬರೆದುಕೊಂಡ. ಅಕ್ಟೋಬರ್‌ನಲ್ಲಿ ಏಳು ವರ್ಷದ ಕರಾರು ಮುಗಿಯಿತು. ಕೂಲಿ ಬೈಂಡರ್ ಆಗಿ ಬೇರೊಬ್ಬ ಯಜಮಾನನ ಬಳಿ ಸೇರಿದ. ಆತ ಮುಂಗೋಪಿ. ಮೈಕೆಲ್‌ಗೆ ಕೆಲಸ ಬರುತ್ತಿತ್ತು, ಹೊಟ್ಟೆಗೆ ಕೊರತೆಯಿರಲಿಲ್ಲ, ಆದರೆ ಮನಸ್ಸು ಅಲ್ಲಿರಲಿಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್ ಅವರಿಗೆ ವಿಜ್ಞಾನದ ಯಾವುದಾದರೂ ಸಣ್ಣ ಕೆಲಸ ಕೊಡಿಸಿ ಎಂದು ಬರೆದ. ಉತ್ತರ ಬರಲೇ ಇಲ್ಲ.

ಇಂಥ ಮೌನವನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಡ್ಯಾನ್ಸ್ ಸಲಹೆಯಂತೆ ಆತ ಡಿಸೆಂಬರ್‌ನಲ್ಲಿ ನೇರವಾಗಿ ಡೇವಿಗೇ ಬರೆದ. ಈ ಸಲ ಬರಿಯ ಅರ್ಜಿಯಲ್ಲ. ಆ ನಾಲ್ಕು ಉಪನ್ಯಾಸಗಳ ಟಿಪ್ಪಣಿಯನ್ನು ಅಂದವಾಗಿ ನಕಲು ಮಾಡಿ, ಚಿತ್ರ ಸೇರಿಸಿ, ತಾನೇ ರಟ್ಟು ಹಾಕಿದ ಸುಮಾರು ಮುನ್ನೂರು ಪುಟಗಳ ಪುಸ್ತಕವನ್ನು ಜೊತೆಗೆ ಕಳುಹಿಸಿದ. ಅವನ ಬಳಿ ಪ್ರಮಾಣಪತ್ರವಿರಲಿಲ್ಲ, ತೋರಿಸಲು ಕೈಕೆಲಸವಿತ್ತು. ಡೇವಿ ಕರೆದು ಮಾತನಾಡಿಸಿದರು. ಆದರೆ ಖಾಲಿ ಸ್ಥಾನವಿಲ್ಲವೆಂದು, ಕಲಿತ ಕಸುಬನ್ನು ಬಿಡಬಾರದೆಂದು ಬುದ್ಧಿ ಹೇಳಿದರು. 1813ರ ಫೆಬ್ರವರಿಯಲ್ಲಿ ಪ್ರಯೋಗಾಲಯದ ಸಹಾಯಕ ಪೇಯ್ನ್ ಎಂಬಾತ ಜಗಳವಾಡಿ ಕೆಲಸ ಕಳೆದುಕೊಂಡ. ಮಾರ್ಚ್ 1ರಂದು ಆ ಜಾಗಕ್ಕೆ ಫ್ಯಾರಡೆ ನೇಮಕವಾದರು. ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಮಹಡಿಯ ಮೇಲೆ ಎರಡು ಕೋಣೆ, ಜೊತೆಗೆ ಸೌದೆ ಮತ್ತು ಮೇಣದ ಬತ್ತಿ. ಕೆಲಸವೆಂದರೆ ಸೀಸೆ ತೊಳೆಯುವುದು, ಉಪಕರಣ ಹೊತ್ತು ತರುವುದು.

ದಾರಿ ಅಲ್ಲಿಂದ ನೇರವಾಯಿತೆಂದು ತಿಳಿಯಬೇಡಿ. ಅದೇ ವರ್ಷ ಡೇವಿ ದಂಪತಿಗಳ ಜೊತೆ ಯೂರೋಪ್ ಪ್ರವಾಸ ಹೊರಟಾಗ, ಬರಬೇಕಿದ್ದ ಆಳು ಕೊನೆ ಗಳಿಗೆಯಲ್ಲಿ ಹಿಂಜರಿದ. ಆಳಿನ ಕೆಲಸವೂ ಫ್ಯಾರಡೆಯ ಹೆಗಲೇರಿತು. ಡೇವಿಯ ಪತ್ನಿ ಅವರನ್ನು ಆಳಿನಂತೆಯೇ ನಡೆಸಿಕೊಂಡರು. ಪ್ಯಾರಿಸ್‌ನಲ್ಲಿ ಆಂಪಿಯರ್, ಮಿಲಾನ್‌ನಲ್ಲಿ ವೋಲ್ಟ, ಹೀಗೆ ಆ ಕಾಲದ ದೊಡ್ಡವರನ್ನೆಲ್ಲ ನೋಡುವ ಭಾಗ್ಯ ಸಿಕ್ಕರೂ, ಊರಿಗೆ ಮರಳಿ ಪುಸ್ತಕದ ಕಸುಬಿಗೇ ಹೋಗಿಬಿಡೋಣ ಎಂಬ ಯೋಚನೆಯನ್ನು ಅವರು ಪತ್ರದಲ್ಲಿ ತೋಡಿಕೊಂಡಿದ್ದಾರೆ. ಕೈಯಲ್ಲಿ ಕಸುಬಿದ್ದವನಿಗೆ ಹೀಗೊಂದು ಧೈರ್ಯವಿರುತ್ತದೆ. 1815ರಲ್ಲಿ ಮರಳಿದ ಮೇಲೆ ಮತ್ತೆ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದರು, ಮುಂದಿನ ಇಡೀ ದುಡಿಮೆಯನ್ನು ಅಲ್ಲಿಯೇ ಕಳೆದರು.

ಮುಂದಿನದನ್ನು ನಿಮ್ಮ ಪಠ್ಯಪುಸ್ತಕ ಹೇಳುತ್ತದೆ, ಆದ್ದರಿಂದ ಬೇಗ ಮುಗಿಸುತ್ತೇನೆ. 1821ರಲ್ಲಿ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದರು. ಇಂದಿನ ಮೋಟಾರಿನ ಮೂಲ ಅದೇ. ಆಗ ಇನ್ನೊಬ್ಬ ವಿಜ್ಞಾನಿಯ ವಿಚಾರ ಕದ್ದರೆಂಬ ಆರೋಪ ಬಂತು, ಡೇವಿಯ ಮನಸ್ಸೂ ದೂರವಾಯಿತು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1825ರಲ್ಲಿ ಬೆಂಜೀನ್ ಕಂಡುಹಿಡಿದರು. ಅದೇ ವರ್ಷ, ಒಮ್ಮೆ ಸೀಸೆ ತೊಳೆದಿದ್ದ ಆ ಪ್ರಯೋಗಾಲಯಕ್ಕೇ ನಿರ್ದೇಶಕರಾದರು. 1831ರಲ್ಲಿ ಅಯಸ್ಕಾಂತದಿಂದ ವಿದ್ಯುತ್ತನ್ನು ಪಡೆಯುವ ಬಗೆ ಕಂಡುಕೊಂಡರು. ಜನರೇಟರ್, ಟ್ರಾನ್ಸ್‌ಫಾರ್ಮರ್ ಎಲ್ಲವೂ ಅದರ ಮಕ್ಕಳು.

ಶಾಲೆ ಬಿಟ್ಟದ್ದರಿಂದ ಆದ ನಷ್ಟವನ್ನೂ ಹೇಳಲೇಬೇಕು. ಶಾಲೆ ಬಿಟ್ಟವರು ದೊಡ್ಡವರಾದ ಕಥೆ ಹೇಳಿ, ಓದದಿದ್ದರೂ ನಡೆಯುತ್ತದೆ ಎಂಬ ಭಾವನೆ ಹುಟ್ಟಿಸುವವರು ನಮ್ಮಲ್ಲಿ ಬಹಳ. ಫ್ಯಾರಡೆಗೆ ಗಣಿತ ಕೊನೆಯವರೆಗೂ ಬರಲಿಲ್ಲ. ಅವರ ಪ್ರಬಂಧಗಳಲ್ಲಿ ಬೀಜಗಣಿತ ಕಾಣುವುದೇ ಅಪರೂಪ. ಬಲರೇಖೆಗಳೆಂಬ ಅವರ ಕಲ್ಪನೆಯನ್ನು ಅನೇಕ ವಿದ್ವಾಂಸರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅದಕ್ಕೆ ಗಣಿತದ ರೂಪ ಕೊಟ್ಟವರು ನಲವತ್ತು ವರ್ಷ ಕಿರಿಯರಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಗ್ರೀಕ್ ಭಾಷೆಯೂ ಫ್ಯಾರಡೆಗೆ ತಿಳಿಯದು. ತಮ್ಮ ಪ್ರಯೋಗಗಳಿಗೆ ಹೊಸ ಪದಗಳು ಬೇಕಾದಾಗ ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್ ಅವರನ್ನು ಕೇಳಿದರು. ನೀವು ಪರೀಕ್ಷೆಯಲ್ಲಿ ಬರೆಯುವ ಆನೋಡ್, ಕ್ಯಾಥೋಡ್, ಅಯಾನ್ ಎಂಬ ಮಾತುಗಳು ಬಂದದ್ದು ಹಾಗೆ. ತಿಳಿಯದ್ದನ್ನು ಕೇಳಲು ಅವರಿಗೆ ಸಂಕೋಚವಿರಲಿಲ್ಲ.

ಅವರಿಗೆ ಸಿಕ್ಕದ್ದು ಒಬ್ಬ ಒಳ್ಳೆಯ ಯಜಮಾನ, ದುಡಿಯುವ ಅಣ್ಣ, ತಿದ್ದುವ ಗೆಳೆಯರು, ಒಬ್ಬ ಗಿರಾಕಿ. ಇಷ್ಟೂ ಕೂಡಿ ಬರುವುದು ಎಲ್ಲರ ಪಾಲಿಗಿಲ್ಲ. ಅದೇ ಲಂಡನ್ನಿನಲ್ಲಿ ಕಸುಬಿಗೆ ಸೇರಿದ ಎಷ್ಟೋ ಹುಡುಗರು ಬರಿಯ ಕೂಲಿಯಾಳುಗಳಾಗಿಯೇ ಉಳಿದರು. ಇಂದು ನಿಮಗೆ ಕೆಲವು ದಾರಿಗಳು ಬರಹದಲ್ಲೇ ಇವೆ. ಎಂಟನೆಯ ತರಗತಿ ಮುಗಿಸಿದವರನ್ನೂ ತೆಗೆದುಕೊಳ್ಳುವ ಐ.ಟಿ.ಐ. ವಿಭಾಗಗಳಿವೆ. ಎಸ್.ಎಸ್.ಎಲ್.ಸಿ. ಪಾಸಾಗಿ ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತ ಕಲಿಯಬಹುದು. ಶಾಲೆ ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿ ಪರೀಕ್ಷೆಗೆ ಕೂರಬಹುದು. ಹೆತ್ತವರೇ, ಮಗನನ್ನು ಗ್ಯಾರೇಜಿಗೋ ವರ್ಕ್‌ಶಾಪಿಗೋ ಕಳುಹಿಸುವ ಮುನ್ನ ಸಂಬಳ ಎಷ್ಟೆಂದು ಮಾತ್ರ ಕೇಳಬೇಡಿ. ಯಜಮಾನ ಕಲಿಸುವವನೇ, ಸಂಜೆ ಓದಲು ಬಿಡುವವನೇ ಎಂಬುದನ್ನೂ ವಿಚಾರಿಸಿ.

ಫ್ಯಾರಡೆ ತಾವು ಯಜಮಾನರ ಸ್ಥಾನಕ್ಕೆ ಬಂದಾಗ ಆಯ್ದುಕೊಂಡ ಸಹಾಯಕ ಚಾರ್ಲ್ಸ್ ಆಂಡರ್ಸನ್ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದವನು, ಪದವೀಧರನಲ್ಲ. ಆತ ಸುಮಾರು ನಲವತ್ತು ವರ್ಷ ಅವರ ಜೊತೆಗಿದ್ದ. ಮಕ್ಕಳಿಗಾಗಿ ನಡೆಯುವ ಕ್ರಿಸ್‌ಮಸ್ ಉಪನ್ಯಾಸಮಾಲೆಯನ್ನು ಫ್ಯಾರಡೆ 19 ಬಾರಿ ಕೊಟ್ಟರು. ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಇಡೀ ರಸಾಯನಶಾಸ್ತ್ರವನ್ನು ವಿವರಿಸಿದ ಮಾಲೆ ಜಗತ್ಪ್ರಸಿದ್ಧ. 1862ರಲ್ಲಿ ಸರ್ಕಾರ ನೇಮಿಸಿದ ಶಾಲಾ ಆಯೋಗದ ಮುಂದೆ ಹಾಜರಾಗಿ, ಶಾಲೆಗಳಲ್ಲಿ ವಿಜ್ಞಾನಕ್ಕೆ ಸ್ಥಾನ ಕೊಡಬೇಕೆಂದು ವಾದಿಸಿದರು. ಸರ್ ಪದವಿಯನ್ನು ಒಪ್ಪಲಿಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನು ಎರಡು ಬಾರಿ ನಿರಾಕರಿಸಿದರು. ತಮ್ಮ ಪತ್ರಕ್ಕೆ ಉತ್ತರ ಬಾರದ ಪೀಠ ಅದೇ ಅಲ್ಲವೇ! 1867ರ ಆಗಸ್ಟ್ 25ರಂದು ತೀರಿಕೊಂಡರು.

1831ರ ಆಗಸ್ಟ್ 29ರಂದು ಅವರು ಬಳಸಿದ ಕಬ್ಬಿಣದ ಬಳೆಯನ್ನು ರಾಯಲ್ ಇನ್‌ಸ್ಟಿಟ್ಯೂಷನ್ ಇಂದಿಗೂ ಕಾಪಾಡಿಕೊಂಡು ಬಂದಿದೆ. ಆರು ಅಂಗುಲ ಅಗಲದ ಆ ಬಳೆಗೆ ತಾಮ್ರದ ತಂತಿಯನ್ನು ಪದರ ಪದರವಾಗಿ ಸುತ್ತಿದ್ದಾರೆ. ತಂತಿಗೆ ತಂತಿ ತಾಗದಂತೆ ನಡುವೆ ಹುರಿ ಮತ್ತು ಹತ್ತಿ ಬಟ್ಟೆ ಇಟ್ಟಿದ್ದಾರೆ.