ಸುಧಾರಿಸಿಕೊಳ್ಳಲು ಜಾಗ ಕಟ್ಟಿಸಿದ ದೊರೆ

ಕೆಮ್ಮಣ್ಣುಗುಂಡಿಗೆ ಹೋದವರು ಮಂಜು ನೋಡ್ತಾರೆ, ಗುಲಾಬಿ ತೋಟ ನೋಡ್ತಾರೆ, ರಾಜಭವನದ ಮುಂದೆ ಫೋಟೊ ತೆಗೆಸಿಕೊಂಡು ಇಳಿದು ಬರ್ತಾರೆ. ತರೀಕೆರೆ ತಾಲ್ಲೂಕಿನ, 1,434 ಮೀಟರ್ ಎತ್ತರದ ಈ ತಾಣಕ್ಕೆ ಕೆ.ಆರ್. ಹಿಲ್ಸ್ ಅಂತಲೂ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ಬಂದು ತಂಗುತ್ತಿದ್ದ ಬೆಟ್ಟ ಇದು.

ರಾಜರಿಗೆ ಬೆಟ್ಟ ಇತ್ತು, ಬಿಡಿ. ಆದರೆ ಕಾಯಿಲೆ ಅನ್ನೋದು ಅರಮನೆಯನ್ನೂ ಬಿಡುವುದಿಲ್ಲ ಎಂಬುದು ನಾಲ್ವಡಿಯವರಿಗೆ ಬಾಲ್ಯದಲ್ಲೇ ಗೊತ್ತಾಗಿತ್ತು. ಹುಟ್ಟಿದ್ದು 1884ರ ಜೂನ್ 4. ಹತ್ತು ವರ್ಷ ತುಂಬಿದ್ದಷ್ಟೇ, 1894ರ ಡಿಸೆಂಬರ್‌ನಲ್ಲಿ ತಂದೆ ಚಾಮರಾಜೇಂದ್ರ ಒಡೆಯರು ಕಲ್ಕತ್ತಾದಲ್ಲಿ ಗಂಟಲಮಾರಿಗೆ ತುತ್ತಾದರು. ಅವರಿಗಿನ್ನೂ 31 ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯ ನಡೆಸಿದರು. ಅದೇ ಕಾಲದಲ್ಲಿ, 1898ರಲ್ಲಿ, ಪ್ಲೇಗ್ ಬಂತು. 1902ರಲ್ಲಿ ಮಗ ಅಧಿಕಾರ ವಹಿಸಿಕೊಂಡರು.

ಆಮೇಲೆ ಕ್ಷಯ. ಅಕ್ಕತಂಗಿಯರಲ್ಲೊಬ್ಬರಾದ ಕೃಷ್ಣಾಜಮ್ಮಣ್ಣಿಯವರನ್ನೂ ಆಕೆಯ ಹೆಣ್ಣುಮಕ್ಕಳನ್ನೂ ಅದು ಬಲಿ ತೆಗೆದುಕೊಂಡಿತು. ಆ ದುಃಖ ಅರಮನೆಯ ಗೋಡೆಯೊಳಗೇ ಉಳಿಯಲಿಲ್ಲ. ಅವರ ಹೆಸರಿನಲ್ಲಿ ಮೈಸೂರಿನ ಊರಾಚೆ 1921ರಲ್ಲಿ ಕ್ಷಯರೋಗ ಆಸ್ಪತ್ರೆ ಶುರುವಾಯಿತು. ಇಂದಿಗೂ ಮೈಸೂರಿಗರ ಬಾಯಲ್ಲಿ ಅದು ಪಿಕೆಟಿಬಿ ಸ್ಯಾನಟೋರಿಯಂ.

ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದೇ 1943ರಲ್ಲಿ. ಅಲ್ಲಿಯವರೆಗೆ ಒಳ್ಳೆ ಗಾಳಿ, ಒಳ್ಳೆ ಊಟ, ತಿಂಗಳುಗಟ್ಟಲೆ ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಬಡವನಿಗೆ ಮನೆಯಲ್ಲಿ ಈ ಮೂರೂ ಸಿಗದು. ಅದಕ್ಕೇ ಆಸ್ಪತ್ರೆ ಬೇಕಿತ್ತು.

ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದ್ದೂ ಇದೇ ದೊರೆಯ ಕಾಲದಲ್ಲಿ. ಅದಕ್ಕೆ ಅದಿರು ಹೋಗುತ್ತಿದ್ದದ್ದು ಇದೇ ಕೆಮ್ಮಣ್ಣುಗುಂಡಿಯಿಂದ. ಅಂದರೆ ಒಬ್ಬರು ವಿಶ್ರಾಂತಿಗೆ ಬರುತ್ತಿದ್ದ ಬೆಟ್ಟದಲ್ಲೇ ಇನ್ನೊಬ್ಬರು ಮೈಮುರಿದು ಮಣ್ಣು ಅಗೆಯುತ್ತಿದ್ದರು. ಈ ಅಂತರವನ್ನು ಮರೆತು ರಾಜರನ್ನು ಹೊಗಳೋದು ಸರಿಯಲ್ಲ.

1940ರ ಮಾರ್ಚ್‌ನಲ್ಲಿ ತಮ್ಮ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಐದು ತಿಂಗಳೂ ಕಳೆಯಲಿಲ್ಲ, ಆಗಸ್ಟ್ 3ರಂದು ನಾಲ್ವಡಿಯವರೂ ಹೋದರು. ಆಗ ಅವರಿಗೆ 56. ಎರಡು ವರ್ಷದ ನಂತರ ಕೆಮ್ಮಣ್ಣುಗುಂಡಿ ತೋಟಗಾರಿಕೆ ಇಲಾಖೆಗೆ ಸೇರಿ ಎಲ್ಲರದಾಯಿತು.

ವಿಶ್ರಾಂತಿ ಎಲ್ಲರದಾಯಿತಾ? ಟಿಬಿಗೆ ಈಗ ಮಾತ್ರೆ ಉಚಿತ. ಸಾಮಾನ್ಯ ಟಿಬಿಗೂ ಆರು ತಿಂಗಳು ತಪ್ಪದೆ ನುಂಗಬೇಕು. ಇಎಸ್‌ಐ ಇರುವ ಕಾರ್ಮಿಕನಿಗೆ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನ ಶೇ. 70 ಕೂಲಿ ಸಿಗುತ್ತದೆ. ಟಿಬಿಯಂಥ ದೀರ್ಘ ಕಾಯಿಲೆಗೆ, ಷರತ್ತು ಪೂರೈಸಿದರೆ, ಎರಡು ವರ್ಷದವರೆಗೂ ಶೇ. 80. ಮನೆಗೆಲಸದವರಿಗೆ, ಬೀದಿ ವ್ಯಾಪಾರಿಗಳಿಗೆ ಇದ್ಯಾವುದೂ ಇಲ್ಲ. ಸರ್ಕಾರ ಪೌಷ್ಟಿಕ ಆಹಾರಕ್ಕೆಂದು ಕೊಡುವ ತಿಂಗಳ ಸಾವಿರ ರೂಪಾಯಿಯಲ್ಲಿ ಮನೆ ಬಾಡಿಗೆ ಕಟ್ಟಕ್ಕಾಗಲ್ಲ. ಕೆಮ್ಮು ಸ್ವಲ್ಪ ಕಡಿಮೆಯಾದ ಕೂಡಲೇ ಅವರು ಕೆಲಸಕ್ಕೆ ಓಡ್ತಾರೆ.

ನೂರು ವರ್ಷದ ಹಿಂದೆ ಔಷಧಿ ಇರಲಿಲ್ಲ, ಸುಧಾರಿಸಿಕೊಳ್ಳಲು ಜಾಗ ಮಾಡಿಕೊಟ್ಟರು. ಈಗ ಔಷಧಿ ಇದೆ, ಸುಧಾರಿಸಿಕೊಳ್ಳಲು ಪುರಸೊತ್ತಿಲ್ಲ. ಆ ಪುರಸೊತ್ತನ್ನು ಕೂಲಿಯ ಸಮೇತ ಕೊಡಬೇಕಾದದ್ದು ನಾವು ಆರಿಸಿದ ಸರ್ಕಾರ.